ಮಂಗನ ಕಾಯಿಲೆ: ಸತ್ತ ಮಂಗದ ಅಂಗಾಂಶ ಏನನ್ನು ಹೇಳುತ್ತದೆ?

ಶಿವಮೊಗ್ಗ: ಕಾಡಂಚಿನಲ್ಲಿ ಮಂಗವೊಂದು ಸತ್ತು ಬಿದ್ದಿದೆ ಎಂಬ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಒಂದು ಮೂಲೆಯನ್ನಷ್ಟೇ ಪಡೆಯುತ್ತದೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಸೊಪ್ಪು, ದರಕು, ಸೌದೆಗಾಗಿ ಕಾಡಿಗೆ ಹೋಗುವವರ ಪಾಲಿಗೆ ಅದು ಸಣ್ಣ ಸುದ್ದಿಯಲ್ಲ. ಬೇಸಿಗೆ ಮುಗಿಯುವ ತನಕ ಕಾಡಿಗೆ ಕಾಲಿಡಬಹುದೇ, ಬೇಡವೇ ಎಂಬುದು ಆ ಮಂಗ ಸತ್ತದ್ದು ಯಾವುದರಿಂದ ಎಂಬುದನ್ನೇ ಅವಲಂಬಿಸಿದೆ. ಇದಕ್ಕೆ ಉತ್ತರ ದೊರೆಯುವುದು ಪ್ರಯೋಗಾಲಯದಲ್ಲಿ, ಮಂಗದ ಯಕೃತ್ತು, ಮೆದುಳು, ಗುಲ್ಮಗಳ ಚಿಕ್ಕ ಚೂರುಗಳಿಂದ.

ಭದ್ರಾವತಿಯ ಕಾಗದನಗರದವರಿಗೂ ಶಿವಮೊಗ್ಗ ಪೇಟೆಯವರಿಗೂ ಇದು ಕಾಡಿನವರ ಕಾಯಿಲೆ ಎನಿಸುವುದುಂಟು. ಆದರೆ ಜಿಲ್ಲೆಯ ನಾನಾ ಮೂಲೆಗಳಿಂದ ಮಾದರಿಗಳು ಬಂದು ಸೇರುವ ವೈರಾಣು ಪ್ರಯೋಗಾಲಯ ಇರುವುದು ಶಿವಮೊಗ್ಗ ನಗರದಲ್ಲಿಯೇ.

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಕೋತಿಗಳೂ ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರು ತೀವ್ರ ಜ್ವರ, ತಲೆನೋವು, ಮೈಕೈ ನೋವಿನಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದಿಂದ ಬಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರಿಗೆ ಎದುರಾದ ಶಂಕೆ ಭಯಂಕರವಾದದ್ದು: ಇದು ಹಳದಿ ಜ್ವರವಿರಬಹುದೇ? ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರದ ಮುನ್ಸೂಚನೆ ಮಂಗಗಳ ಸಾವೇ. ಭಾರತಕ್ಕೆ ಅದು ಎಂದೂ ಬಂದಿರಲಿಲ್ಲ; ಹರಡಬಲ್ಲ ಸೊಳ್ಳೆ ಮಾತ್ರ ಎಲ್ಲೆಡೆ ಇತ್ತು. ಅನಾರೋಗ್ಯಪೀಡಿತ ಮಂಗ ಹಾಗೂ ರೋಗಿಗಳಿಂದ ವೈರಾಣುವನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅದರ ಬಂಧುಗಳು ರಷ್ಯಾದ ಉಣುಗುಗಳು ಹರಡುವ ಮೆದುಳು ಜ್ವರದ ಗುಂಪಿನವು ಎಂದು ತಿಳಿದುಬಂತು. ಹೊಸ ಕಾಯಿಲೆಗೆ ಕಾಡಿನ ಹೆಸರೇ ಬಂತು.

ವೈರಾಣುವಿನ ಹೆಸರು ತಿಳಿದರೂ ಅದು ದೇಹದೊಳಗೆ ಮಾಡುವ ಹಾನಿ ತಿಳಿಯುವುದಿಲ್ಲ. ಅದನ್ನು ತೋರಿಸುವುದು ಅಂಗಾಂಶ ಪರೀಕ್ಷೆ. ಅಂಗದ ಚೂರನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿದರೆ ಕೋಶಗಳು ಇದ್ದ ಸ್ಥಿತಿಯಲ್ಲಿಯೇ ನಿಲ್ಲುತ್ತವೆ. ಬಳಿಕ ಆಲ್ಕೋಹಾಲಿನಿಂದ ನೀರನ್ನು ಹೊರತೆಗೆದು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸುಮಾರು ಇನ್ನೂರನೇ ಒಂದು ಭಾಗದಷ್ಟು ತೆಳುವಾದ ಪದರಗಳಾಗಿ ಕತ್ತರಿಸುತ್ತಾರೆ. ಬಣ್ಣ ಹಾಕಿದಾಗ ಕೋಶಕೇಂದ್ರ ನೀಲಿಯಾಗಿಯೂ ಉಳಿದ ಭಾಗ ಗುಲಾಬಿಯಾಗಿಯೂ ಕಾಣುತ್ತದೆ. ನುರಿತ ಕಣ್ಣಿಗೆ ಅಲ್ಲಿ ಸತ್ತ ಕೋಶ, ಒಸರಿದ ರಕ್ತ, ಮುತ್ತಿಕೊಂಡ ರಕ್ಷಕ ಕೋಶಗಳೆಲ್ಲ ಬೇರೆ ಬೇರೆಯಾಗಿ ಕಾಣುತ್ತವೆ.

ಸಿ.ಜಿ.ಎಸ್. ಅಯ್ಯರ್ ಮತ್ತು ಸಂಗಡಿಗರು 1959ರಲ್ಲಿ ಈ ಕಾಯಿಲೆಯಿಂದ ಮೃತಪಟ್ಟ ಮೂವರ, 1960ರಲ್ಲಿ ಕಾಡಿನಲ್ಲಿ ಸತ್ತು ಸಿಕ್ಕ ಮಂಗಗಳ ಅಂಗಾಂಶ ವಿವರಗಳನ್ನು ಪ್ರಕಟಿಸಿದರು. ಮೃತರ ಯಕೃತ್ತು, ಮೂತ್ರಪಿಂಡಗಳ ಕೋಶಗಳು ಕ್ಷೀಣಿಸಿದ್ದವು, ಶ್ವಾಸಕೋಶದಲ್ಲಿ ರಕ್ತಸ್ರಾವವಿತ್ತು, ಗುಲ್ಮ ಮತ್ತು ಯಕೃತ್ತಿನ ರಕ್ಷಕ ಕೋಶಗಳು ದೇಹದ್ದೇ ಕೆಂಪು ರಕ್ತಕಣಗಳನ್ನು ನುಂಗಿದ್ದವು. ಆದರೆ ಇವುಗಳಲ್ಲಿ ಯಾವುದೂ ಈ ಕಾಯಿಲೆಯೊಂದಕ್ಕೇ ಸೀಮಿತವಾದ ಗುರುತಲ್ಲ. ಸೂಕ್ಷ್ಮದರ್ಶಕವೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ಅಂಗಾಂಶದಲ್ಲಿ ವೈರಾಣುವೂ ಪತ್ತೆಯಾಗಬೇಕು. ಇಂದು ಆ ಕೆಲಸವನ್ನು ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡುತ್ತದೆ.

ತೊಡಕಿರುವುದು ಇಲ್ಲಿಯೇ. ಕೋಶಗಳ ರಚನೆಯನ್ನು ಉಳಿಸುವ ಫಾರ್ಮಲಿನ್ ವೈರಾಣುವನ್ನು ಕೊಲ್ಲುತ್ತದೆ. ಹೀಗಾಗಿ ವೈರಾಣು ಪರೀಕ್ಷೆಗೆ ಬೇರೊಂದು ಚೂರನ್ನು ತಂಪಿನಲ್ಲಿಯೇ ಕಳುಹಿಸಬೇಕು. ಸತ್ತ ದೇಹವೂ ಕಾಯುವುದಿಲ್ಲ. ಪ್ರಾಣ ಹೋದ ಕೆಲವೇ ಗಂಟೆಗಳಲ್ಲಿ ಕೋಶಗಳು ತಮ್ಮದೇ ರಸಗಳಿಂದ ಕರಗಲಾರಂಭಿಸುತ್ತವೆ. ಮಾರ್ಚ್ ತಿಂಗಳ ಸೆಕೆಯಲ್ಲಿ ಎರಡು ದಿನ ಬಿದ್ದಿದ್ದ ಮಂಗದಿಂದ ಪಶುವೈದ್ಯರಿಗೆ ಹೆಚ್ಚೇನೂ ತಿಳಿಯದು. ಆದರೆ ಅಷ್ಟರಲ್ಲಿ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ತರಗೆಲೆಗಳಲ್ಲಿ ಸೇರಿಕೊಂಡಿರುತ್ತವೆ. ಮನುಷ್ಯರಿಗೆ ಸೋಂಕು ತಗಲುವುದು ಹೆಚ್ಚಾಗಿ ಮರಿ ಉಣುಗುಗಳ ಕಡಿತದಿಂದ. ಮಂಗದ ಸುದ್ದಿ ತಡವಾದಷ್ಟೂ ಆ ಜಾಗ ಗೊತ್ತಿಲ್ಲದವರಿಗೆ ಅಪಾಯಕಾರಿ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ, ಅರಣ್ಯ ಅಥವಾ ಪಶುಸಂಗೋಪನಾ ಇಲಾಖೆಗೆ ತಕ್ಷಣ ತಿಳಿಸಿರೆಂದು ಪ್ರತಿ ವರ್ಷ ಹೇಳುವುದು ಇದಕ್ಕಾಗಿ. ಮುಟ್ಟಬಾರದೆಂಬ ಮಾತು ಪ್ರಯೋಗಾಲಯದವರಿಗೂ ಅನ್ವಯಿಸುತ್ತದೆ. ಆರಂಭದ ವರ್ಷಗಳಲ್ಲಿ ಈ ವೈರಾಣುವಿನೊಡನೆ ಕೆಲಸ ಮಾಡಿದ ಹಲವರಿಗೇ ಸೋಂಕು ತಗಲಿತ್ತು. ಪುಣೆಯ ಕೇಂದ್ರ ಈಗ ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿದ್ದು, ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯವನ್ನು 2012ರಿಂದ ಹೊಂದಿದೆ.

ರೋಗಗ್ರಸ್ತ ಅಂಗಾಂಶದಷ್ಟೇ ಬೆಳೆಯುವ ಅಂಗಾಂಶವೂ ಈ ಕಥೆಯಲ್ಲಿದೆ. ರಷ್ಯಾದ ಕಾಯಿಲೆಗೆಂದು ಇಲಿಯ ಮೆದುಳಿನಲ್ಲಿ ತಯಾರಿಸಿದ್ದ ಲಸಿಕೆಯನ್ನು ಮೊದಲು ಇಲ್ಲಿ ಪ್ರಯೋಗಿಸಲಾಯಿತು. ಅದು ಫಲ ನೀಡಲಿಲ್ಲ. ಬಳಿಕ ವಿಜ್ಞಾನಿಗಳು ಕೋಳಿಮೊಟ್ಟೆಯತ್ತ ತಿರುಗಿದರು. ಮೊಟ್ಟೆಯೊಳಗಿನ ಭ್ರೂಣದ ಅಂಗಾಂಶವನ್ನು ಬಿಡಿಸಿ ಪೋಷಕ ದ್ರವದಲ್ಲಿಟ್ಟರೆ ಕೋಶಗಳು ಸೀಸೆಯ ತಳದಲ್ಲಿ ಹರಡಿ ಬೆಳೆಯುತ್ತವೆ. ಆ ಪದರಕ್ಕೆ ವೈರಾಣುವನ್ನು ಸೇರಿಸಿ, ಅದು ಹೆಚ್ಚಿದ ಮೇಲೆ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದರೆ ಲಸಿಕೆ ಸಿದ್ಧ. ಮಾದರಿಯಲ್ಲಿ ವೈರಾಣುವನ್ನು ಕೊಂದು ಪರೀಕ್ಷೆಗೆ ಅಡ್ಡಿಯಾಗುವ ದ್ರವವೇ ಇಲ್ಲಿ ಉಪಕಾರಿ.

ಮಲೆನಾಡಿನವರು ದಶಕಗಳ ಕಾಲ ಹಾಕಿಸಿಕೊಂಡದ್ದು ಇದೇ ಲಸಿಕೆ. ಒಂದು ತಿಂಗಳ ಅಂತರದಲ್ಲಿ ಎರಡು ಸೂಜಿ, ಮುಂದೆ ವರ್ಧಕ ಸೂಜಿಗಳು. ನೋವಿನ ಕಾರಣಕ್ಕೆ ಅನೇಕರು ಮಧ್ಯದಲ್ಲಿಯೇ ಬಿಟ್ಟರು. 2005ರಿಂದ 2010ರವರೆಗಿನ ಅಂಕಿಅಂಶ ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ಸೂಜಿಗಳಿಂದ ದೊರೆತ ರಕ್ಷಣೆ ಸುಮಾರು ಶೇ. 62, ವರ್ಧಕವೂ ಸೇರಿದರೆ ಸುಮಾರು ಶೇ. 83. ಮುಂದಿನ ವರ್ಷಗಳಲ್ಲಿ ಅದರ ಸಾಮರ್ಥ್ಯದ ಬಗ್ಗೆ ಅನುಮಾನಗಳು ಬಲವಾದವು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಉಲ್ಬಣಿಸಿ ಸಾವುಗಳಾದಾಗ ಆ ಪ್ರಶ್ನೆ ಊರ ಜಗಲಿಗಳಿಗೂ ಬಂತು. 2022ರಲ್ಲಿ ಲಸಿಕೆ ನೀಡಿಕೆ ನಿಂತಿತು.

ಈ ನಡುವೆ ಕಾಯಿಲೆ ಕ್ಯಾಸನೂರನ್ನು ದಾಟಿ ಬಹುದೂರ ಸಾಗಿದೆ. 2012ರಲ್ಲಿ ಬಂಡೀಪುರ, ಅನಂತರ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿದೆ. ಸದ್ಯಕ್ಕೆ ಕಾಡಿಗೆ ಹೋಗುವವರ ಬಳಿ ಇರುವುದು ಉಣುಗು ಹತ್ತದಂತೆ ಹಚ್ಚಿಕೊಳ್ಳುವ ತೈಲ, ಮೈತುಂಬ ಬಟ್ಟೆ, ಮರಳಿ ಬಂದ ಮೇಲೆ ಬಿಸಿನೀರಿನ ಸ್ನಾನ, ಮತ್ತು ಯಾವ ಕಾಡಿನಲ್ಲಿ ಸತ್ತ ಮಂಗದ ಅಂಗಾಂಶದಲ್ಲಿ ಸೋಂಕು ಪತ್ತೆಯಾಗಿದೆ ಎಂಬ ಶಿವಮೊಗ್ಗದ ವರದಿ.