ಮನೆಯ ಸಂಸ್ಕಾರ, ಊರಿನ ದಾಖಲೆ

ತುಂಗಭದ್ರೆಯ ದಡದ ಹೊನ್ನಾಳಿಯ ಸದ್ಭಕ್ತರ ಮನೆಯಲ್ಲಿ ಮಗು ಜನಿಸಿದರೆ ಜಂಗಮರು ಬಂದು ಲಿಂಗಧಾರಣೆ ಮಾಡಿಸುತ್ತಾರೆ. ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಹಿರಿಯರು ಲಿಂಗೈಕ್ಯರಾದರೆ ಸಮಾಧಿಕ್ರಿಯೆ, ಶಿವಗಣಾರಾಧನೆಗಳು ಕ್ರಮವಾಗಿ ಜರುಗುತ್ತವೆ. ಇವುಗಳಲ್ಲಿ ಲೋಪವಾಗದಂತೆ ನೋಡಿಕೊಳ್ಳುವ ನಾವು, ಆ ಜನನ ಮರಣಗಳನ್ನು ಕಚೇರಿಯಲ್ಲಿ ಬರೆಸುವ ಕೆಲಸವನ್ನು ಮಾತ್ರ ನಾಳೆ ನೋಡೋಣವೆಂದು ಮುಂದೂಡುತ್ತೇವೆ.

ಇದು ಅನುಭವದ ಮಾತು. ನಮ್ಮ ತೀರ್ಥರೂಪರು ಲಿಂಗೈಕ್ಯರಾದಾಗ ಮಠದಲ್ಲಿ ಓದಿದ ನನಗೆ ಕ್ರಿಯಾವಿಧಿಗಳೆಲ್ಲ ಕಂಠಪಾಠವಾಗಿದ್ದವು. ನೋಂದಣಿಯೆಂಬ ಈ ಒಂದು ವಿಧಿ ನೆನಪಿಗೆ ಬರಲಿಲ್ಲ. ವರ್ಷಗಳ ತರುವಾಯ ಜಮೀನಿನ ಪೌತಿ ಖಾತೆಗೆ ಮರಣಪತ್ರ ಬೇಕಾಯಿತು. ಒಂದು ದಿನದ ಕೆಲಸಕ್ಕೆ ತಮ್ಮನು ತಿಂಗಳುಗಟ್ಟಲೆ ನ್ಯಾಯಾಲಯಕ್ಕೆ ಅಲೆದನು. ತಪ್ಪು ನಮ್ಮದೇ ಆಗಿದ್ದಿತು.

ಜನನ ಮರಣ ನೋಂದಣಿ ಕಾಯಿದೆ 1969ರದು. ಘಟನೆ ನಡೆದ 21 ದಿನಗಳೊಳಗೆ ತಿಳಿಸಬೇಕು. ಆಗ ಪತ್ರದ ಮೊದಲ ಪ್ರತಿ ಉಚಿತ. 30 ದಿನಗಳವರೆಗೆ ವಿಳಂಬ ಶುಲ್ಕ ಉಂಟು. ಅನಂತರ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಕಳೆದರೆ ದಂಡಾಧಿಕಾರಿಯ ಆದೇಶವೇ ಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ತಿಳಿಸುವ ಹೊಣೆ ಆಸ್ಪತ್ರೆಯವರದು; ಮನೆಯಲ್ಲಾದರೆ ಮನೆಯ ಯಜಮಾನನದು.

ನಮ್ಮ ಕಡೆಯವರು ಮರೆಯಬಾರದ ಸಂಗತಿ ಮತ್ತೊಂದಿದೆ. ನೋಂದಣಿಯಾಗುವುದು ಘಟನೆ ನಡೆದ ಸ್ಥಳದಲ್ಲಿ, ವಾಸಸ್ಥಳದಲ್ಲಲ್ಲ. ಹೊನ್ನಾಳಿಯ ಹೆಣ್ಣುಮಗಳು ದಾವಣಗೆರೆಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಹೆತ್ತರೆ ಪತ್ರವನ್ನು ಅಲ್ಲಿಂದಲೇ ಪಡೆಯಬೇಕು. ಹೆಸರಿಡುವ ಮುನ್ನ ನೋಂದಣಿಯಾಗಿದ್ದರೆ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

ಈಗ ಈ ಕಾಗದಕ್ಕೆ ಹಿಂದಿಗಿಂತ ಬೆಲೆ ಹೆಚ್ಚಿದೆ. 2023ರ ತಿದ್ದುಪಡಿಯು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಅಂದಿನಿಂದ ಜನಿಸಿದ ಮಕ್ಕಳ ಶಾಲಾಪ್ರವೇಶ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿಗಳಿಗೆ ಜನ್ಮದಿನವನ್ನೂ ಜನ್ಮಸ್ಥಳವನ್ನೂ ರುಜುವಾತುಪಡಿಸುವುದು ಜನನಪತ್ರವೇ.

ಪುರಾಡಳಿತವೆಂದರೆ ನಲ್ಲಿ, ಚರಂಡಿ, ಬೀದಿದೀಪಗಳಷ್ಟೇ ಎಂದು ನಾವು ಭಾವಿಸಿದ್ದೇವೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಸೇರಿಸಿದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಜನನ ಮರಣ ನೋಂದಣಿಯೂ ಇದೆ, ರುದ್ರಭೂಮಿಯೂ ಇದೆ. ತೊಟ್ಟಿಲಿನಿಂದ ಸಮಾಧಿಯವರೆಗೆ ಊರಿನ ಆಡಳಿತವು ನಮ್ಮ ಮನೆಬಾಗಿಲಲ್ಲೇ ನಿಂತಿದೆಯೆಂದು ಇದರ ಅರ್ಥ.

1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ನಮ್ಮ ತಾಲ್ಲೂಕು ಬಳಿಕ ದಾವಣಗೆರೆಗೆ ಸೇರಿತು. ನ್ಯಾಮತಿಯು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಗಡಿಗಳು ಬದಲಾದರೂ ಹುಟ್ಟಿದ ದಿನ ಬದಲಾಗದು. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ತಗ್ಗಿನ ಬಡಾವಣೆಗೆ ನುಗ್ಗಿದುದನ್ನು ಹೊನ್ನಾಳಿ ಮರೆತಿಲ್ಲ. ಹೊಳೆ ಮನೆಯೊಳಗೆ ಬಂದರೆ ಪೆಟ್ಟಿಗೆಯ ಕಾಗದ ಉಳಿಯದು. ಕಚೇರಿಯಲ್ಲಿ ಬರೆಸಿದ್ದಾದರೆ ಮತ್ತೊಂದು ಪ್ರತಿ ದೊರೆಯುತ್ತದೆ. ಬರೆಸದೇ ಇದ್ದವರಿಗೆ ಯಾವ ಪ್ರತಿ?

ಆದುದರಿಂದ ಮನೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ತೊಟ್ಟಿಲಿನ ದಿನ ಬಂದ ಬಂಧುಗಳ ಮುಂದೆ, ಗಣಾರಾಧನೆಯ ದಿನ ಕೂಡಿದ ಮಕ್ಕಳ ಮುಂದೆ, “ನೋಂದಣಿ ಆಯಿತೇ?” ಎಂದು ಒಂದು ಮಾತು ಕೇಳಿರಿ. ನಮ್ಮ ಮನೆಯಲ್ಲಿ ಅಂದು ಕೇಳುವವರು ಯಾರೂ ಇರಲಿಲ್ಲ.