ಮನೆಯ ಕಂಪ್ಯೂಟರಿಗೆ ಚಿಕ್ಕ ಕ್ಯಾಬಿನೆಟ್: ಆಯ್ಕೆಯ ವಿಚಾರ

ಕಂಪ್ಯೂಟರಿನ ಪರದೆಯ ಪಕ್ಕದಲ್ಲೋ ಮೇಜಿನ ಕೆಳಗೋ ಇರುವ ಪೆಟ್ಟಿಗೆಯನ್ನು ಜನರು ಸಾಮಾನ್ಯವಾಗಿ ‘ಸಿಪಿಯು’ ಎಂದು ಕರೆಯುತ್ತಾರೆ. ವಾಸ್ತವದಲ್ಲಿ ಸಿಪಿಯು ಎಂದರೆ ಆ ಪೆಟ್ಟಿಗೆಯೊಳಗೆ ಮದರ್‌ಬೋರ್ಡಿನ ಮೇಲೆ ಕುಳಿತಿರುವ, ಅಂಗೈಗಿಂತ ಚಿಕ್ಕದಾದ ಪ್ರೊಸೆಸರ್ ಮಾತ್ರ. ಪೆಟ್ಟಿಗೆಗೆ ಅಂಗಡಿಯವರು ಹೇಳುವ ಹೆಸರು ಕ್ಯಾಬಿನೆಟ್. ಅಲಂಕಾರಶಾಸ್ತ್ರವನ್ನು ಓದುವವರಿಗೆ ಈ ರೂಢಿ ಹೊಸದಲ್ಲ. ‘ಊರೆಲ್ಲ ಮಲಗಿತು’ ಎಂದಾಗ ಆಧಾರದ ಹೆಸರು ಆಧೇಯಕ್ಕೆ ಸಲ್ಲುತ್ತದೆ. ಇಲ್ಲಿ ಆಧೇಯದ ಹೆಸರು ಆಧಾರಕ್ಕೆ ಸಂದಿದೆ. ಎರಡೂ ಲಕ್ಷಣೆಯೇ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಬಿಡಿಭಾಗಗಳನ್ನು ಕೊಂಡು ಕಂಪ್ಯೂಟರನ್ನು ಜೋಡಿಸಲು ಹೊರಟವರು ಪೆಟ್ಟಿಗೆಯೂ ಒಂದು ಪ್ರತ್ಯೇಕ ವಸ್ತುವೆಂಬುದನ್ನು ಮರೆತು, ಅದರ ಆಯ್ಕೆಯನ್ನು ಕಡೆಯ ಗಳಿಗೆಗೆ ಬಿಡುತ್ತಾರೆ. ಉಳಿದ ಹಣಕ್ಕೆ ಸಿಕ್ಕ ಪೆಟ್ಟಿಗೆ ಮನೆಗೆ ಬರುತ್ತದೆ.

ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ನಾಗಣಸೂರದಂತಹ ಊರಿನಲ್ಲಿ ಈ ಅಲಕ್ಷ್ಯ ದುಬಾರಿಯಾಗುತ್ತದೆ. ಮಹಾರಾಷ್ಟ್ರದಲ್ಲಿದ್ದು ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗೆ ಮನೆಯಲ್ಲೊಂದು ಕಂಪ್ಯೂಟರು ಇದ್ದರೆ ಅನೇಕ ಕೆಲಸಗಳು ಸುಲಭವಾಗುತ್ತವೆ: ಯೋಜನಾ ಪ್ರಬಂಧವನ್ನು ಕನ್ನಡದಲ್ಲಿಯೇ ಬೆರಳಚ್ಚಿಸುವುದು, ಅಜ್ಜಿಯಿಂದ ಕೇಳಿದ ಬೀಸುವ ಪದಗಳ ಧ್ವನಿಮುದ್ರಣವನ್ನು ಕಾದಿಡುವುದು, ಊರಿನ ಗ್ರಂಥಾಲಯದಲ್ಲಿ ಸಿಗದ ಹಳೆಯ ಪುಸ್ತಕಗಳ ಡಿಜಿಟಲ್ ಪ್ರತಿಗಳನ್ನು ಓದುವುದು. ಆದರೆ ಹಣ ಮಿತವಾಗಿರುತ್ತದೆ, ಕೋಣೆ ಚಿಕ್ಕದಾಗಿರುತ್ತದೆ, ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪರೀಕ್ಷೆ ಮತ್ತು ಪ್ರಬಂಧ ಸಲ್ಲಿಕೆಯ ದಿನಗಳೂ ಬಹುಮಟ್ಟಿಗೆ ಆ ಬೇಸಿಗೆಯಲ್ಲಿಯೇ ಬರುತ್ತವೆ. ಆದ್ದರಿಂದ ಇಲ್ಲಿ ಕ್ಯಾಬಿನೆಟ್ಟಿನ ಪ್ರಶ್ನೆ ಅಂದಚೆಂದದ ಪ್ರಶ್ನೆಯಲ್ಲ. ಕಡಿಮೆ ಜಾಗ, ಕಡಿಮೆ ಬೆಲೆ, ಸಾಕಷ್ಟು ಗಾಳಿ ಈ ಮೂರೂ ಎಲ್ಲಿ ಕೂಡುತ್ತವೆ ಎಂಬುದೇ ಪ್ರಶ್ನೆ.

ಬೋರ್ಡಿನ ಅಳತೆಯೇ ಮೊದಲು

ಕ್ಯಾಬಿನೆಟ್ಟಿನ ಗಾತ್ರವನ್ನು ನಿರ್ಧರಿಸುವುದು ಅದರೊಳಗೆ ಕೂರುವ ಮದರ್‌ಬೋರ್ಡು. ಬೋರ್ಡುಗಳಿಗೆ ಜಗತ್ತಿನಾದ್ಯಂತ ಒಪ್ಪಿಕೊಂಡ ಕೆಲವು ಅಳತೆಗಳಿವೆ. ಇಂಟೆಲ್ ಸಂಸ್ಥೆ 1995ರಲ್ಲಿ ತಂದ ಎಟಿಎಕ್ಸ್ ಬೋರ್ಡಿನ ಅಳತೆ 305 × 244 ಮಿಲಿಮೀಟರ್. ಎರಡು ವರ್ಷಗಳ ನಂತರ ಬಂದ ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 × 244 ಮಿ.ಮೀ. ತೈವಾನಿನ ವಿಐಎ ಸಂಸ್ಥೆ 2001ರಲ್ಲಿ ಪರಿಚಯಿಸಿದ ಮಿನಿ ಐಟಿಎಕ್ಸ್ 170 × 170 ಮಿ.ಮೀ. ಮಾತ್ರ, ಅಂದರೆ ಪೂರ್ಣ ಅಳತೆಯ ಮೈಕ್ರೋ ಎಟಿಎಕ್ಸ್ ಬೋರ್ಡಿನ ಅರ್ಧಕ್ಕಿಂತ ತುಸು ಕಡಿಮೆ.

ಈ ಮೂರರ ನಡುವೆ ಒಂದು ಅನುಕೂಲಕರ ಸಂಬಂಧವಿದೆ. ಸಣ್ಣ ಬೋರ್ಡಿನ ಸ್ಕ್ರೂ ತೂತುಗಳು ದೊಡ್ಡ ಬೋರ್ಡಿನ ತೂತುಗಳ ಜಾಗಕ್ಕೆ ಹೊಂದುವಂತೆಯೇ ರಚಿತವಾಗಿವೆ. ಹೀಗಾಗಿ ಮಿನಿ ಐಟಿಎಕ್ಸ್ ಬೋರ್ಡನ್ನು ಮೈಕ್ರೋ ಎಟಿಎಕ್ಸ್ ಕ್ಯಾಬಿನೆಟ್ಟಿನಲ್ಲಿಯೂ ಕೂರಿಸಬಹುದು. ಇದರ ವಿಲೋಮ ಸಾಧ್ಯವಿಲ್ಲ. ಅತಿ ಚಿಕ್ಕ ಕ್ಯಾಬಿನೆಟ್ ಕೊಂಡವರು ಮುಂದೆ ಬೋರ್ಡು ಕೆಟ್ಟಾಗಲೂ ಅದೇ ಚಿಕ್ಕ ಬೋರ್ಡನ್ನೇ ಹುಡುಕಬೇಕಾಗುತ್ತದೆ.

ಪೆಟ್ಟಿಗೆಗಳನ್ನು ಹೋಲಿಸಲು ಸುಲಭವಾದ ದಾರಿಯೆಂದರೆ ಅಗಲ, ಎತ್ತರ, ಉದ್ದಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸುವುದು. ಬರುವ ಉತ್ತರ ಲೀಟರುಗಳಲ್ಲಿರುತ್ತದೆ. 21 × 45 × 42 ಸೆಂ.ಮೀ. ಪೆಟ್ಟಿಗೆ ಸುಮಾರು 40 ಲೀಟರ್; 20 × 36 × 38 ಸೆಂ.ಮೀ. ಪೆಟ್ಟಿಗೆ ಸುಮಾರು 27 ಲೀಟರ್. 17 × 26 × 35 ಸೆಂ.ಮೀ. ಪೆಟ್ಟಿಗೆ ಸುಮಾರು 15 ಲೀಟರ್. ‘ಮಿನಿ’, ‘ಸ್ಲಿಮ್’ ಮುಂತಾದ ಹೆಸರುಗಳಿಗಿಂತ ಈ ಲೆಕ್ಕವನ್ನು ನಂಬುವುದು ಲೇಸು.

ಅತಿ ಚಿಕ್ಕದು ಅಗ್ಗವಲ್ಲ

ಚಿಕ್ಕ ವಸ್ತುವಿಗೆ ಬೆಲೆಯೂ ಚಿಕ್ಕದಿರಬೇಕೆಂದು ಅನ್ನಿಸುವುದು ಸಹಜ. ಕಂಪ್ಯೂಟರಿನಲ್ಲಿ ಇದು ಒಂದು ಹಂತದವರೆಗೆ ಮಾತ್ರ ನಿಜ. ಎಟಿಎಕ್ಸ್‌ನಿಂದ ಮೈಕ್ರೋ ಎಟಿಎಕ್ಸ್‌ಗೆ ಇಳಿದಾಗ ಖರ್ಚೂ ಇಳಿಯುತ್ತದೆ, ಏಕೆಂದರೆ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಯ ಬೋರ್ಡುಗಳು ಹೆಚ್ಚಾಗಿ ಈ ಅಳತೆಯವೇ. ಅಲ್ಲಿಂದ ಮಿನಿ ಐಟಿಎಕ್ಸ್‌ಗೆ ಇಳಿದರೆ ಖರ್ಚು ಮತ್ತೆ ಏರುತ್ತದೆ. ಅಷ್ಟೇ ಸಾಮರ್ಥ್ಯದ ಬೋರ್ಡು ಚಿಕ್ಕದಾದ ಕಾರಣಕ್ಕೇ ಹೆಚ್ಚು ಬೆಲೆ ಬಾಳುತ್ತದೆ. ವಿಸ್ತರಣೆಗೆ ಅದರಲ್ಲಿ ಸಾಮಾನ್ಯವಾಗಿ ಒಂದೇ ಕಾರ್ಡಿನ ಜಾಗವಿರುತ್ತದೆ. ಹಲವು ಪುಟ್ಟ ಕ್ಯಾಬಿನೆಟ್ಟುಗಳಿಗೆ ಎಸ್‌ಎಫ್‌ಎಕ್ಸ್ ಎಂಬ ಕಿರಿಯ ಅಳತೆಯ ಎಸ್‌ಎಂಪಿಎಸ್ ಬೇಕು. ಅದು ಸಾಧಾರಣ ಎಟಿಎಕ್ಸ್ ಎಸ್‌ಎಂಪಿಎಸ್‌ಗಿಂತ ದುಬಾರಿ. ಹೆಚ್ಚಿನ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವುದೂ ಇಲ್ಲ. ಎತ್ತರದ ಕೂಲರ್ ಹಿಡಿಯದ ಕಾರಣ ತಗ್ಗಿನ ಕೂಲರನ್ನು ಬೇರೆಯಾಗಿ ಕೊಳ್ಳಬೇಕಾದೀತು.

ಹೀಗೆ ಕ್ಯಾಬಿನೆಟ್ಟಿನ ಬೆಲೆಯನ್ನು ಅದರ ಮೇಲಿನ ಚೀಟಿಯಲ್ಲಿ ಮಾತ್ರ ನೋಡಬಾರದು. ಅದು ಬೇರೆ ಯಾವ ಭಾಗಗಳನ್ನು ಕೊಳ್ಳುವಂತೆ ಒತ್ತಾಯಿಸುತ್ತದೆ ಎಂಬುದನ್ನೂ ಕೂಡಿಸಬೇಕು. ಈ ಲೆಕ್ಕದಲ್ಲಿ 25ರಿಂದ 30 ಲೀಟರಿನ, ಸಾಧಾರಣ ಎಟಿಎಕ್ಸ್ ಎಸ್‌ಎಂಪಿಎಸ್ ಹಿಡಿಯುವ ಮೈಕ್ರೋ ಎಟಿಎಕ್ಸ್ ಕ್ಯಾಬಿನೆಟ್ಟೇ ವಿದ್ಯಾರ್ಥಿಯ ಜೇಬಿಗೆ ಹೊಂದುತ್ತದೆ.

ಕನ್ನಡದ ಕೆಲಸಕ್ಕೆ ಇದಕ್ಕಿಂತ ದೊಡ್ಡ ಪೆಟ್ಟಿಗೆಯ ಅಗತ್ಯವೂ ಇಲ್ಲ. ಯೂನಿಕೋಡ್ ಬೆರಳಚ್ಚು, ನುಡಿ ಅಥವಾ ಬರಹ ತಂತ್ರಾಂಶ, ಪುಟವಿನ್ಯಾಸ, ಧ್ವನಿಮುದ್ರಣ ಇವುಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಡ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಅಕ್ಷರವಿದ್ದರೆ ಮಾತ್ರ ಅದರಲ್ಲಿ ಈ ಸೌಲಭ್ಯವಿಲ್ಲವೆಂದು ತಿಳಿಯಬೇಕು. ಎಂ.2 ಮಾದರಿಯ ಎಸ್‌ಎಸ್‌ಡಿ ಬೋರ್ಡಿನ ಮೇಲೆಯೇ ಕೂರುತ್ತದೆ. ಧ್ವನಿಮುದ್ರಣಗಳ ನಕಲಿಗಾಗಿ ಒಂದು ದೊಡ್ಡ ಹಾರ್ಡ್‌ಡಿಸ್ಕಿಗೆ ಜಾಗವಿದ್ದರೆ ಮುಗಿಯಿತು.

ಎಸ್‌ಎಂಪಿಎಸ್ ಎಂಬ ಎಚ್ಚರಿಕೆ

ಕಡಿಮೆ ಬೆಲೆಯ ಕ್ಯಾಬಿನೆಟ್ಟುಗಳನ್ನು ಕೆಲವೊಮ್ಮೆ ಎಸ್‌ಎಂಪಿಎಸ್ ಸಮೇತ ಮಾರುತ್ತಾರೆ. ಗೋಡೆಯ ವಿದ್ಯುತ್ತನ್ನು ಬೋರ್ಡಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿಕೊಡುವ ಭಾಗವಿದು. ಹೀಗೆ ಜೊತೆಯಲ್ಲಿ ಬರುವ ಘಟಕದ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆಯನ್ನು ಪೂರ್ತಿ ನಂಬುವಂತಿಲ್ಲ. ವಿದ್ಯುತ್ತು ಏರಿಳಿಯುವ, ಪದೇ ಪದೇ ಹೋಗಿಬರುವ ಊರಿನಲ್ಲಿ ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ತನ್ನೊಡನೆ ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಕೆಡಿಸಬಲ್ಲದು. ಆಗ ಯಂತ್ರದ ಜೊತೆಗೆ ವರ್ಷದ ಬರವಣಿಗೆಯೂ ಹೋಗುತ್ತದೆ. ಆದ್ದರಿಂದ ಕ್ಯಾಬಿನೆಟ್ಟಿನಲ್ಲಿ ಉಳಿಸಿದ ಹಣವನ್ನು ‘80 ಪ್ಲಸ್’ ಗುರುತಿರುವ, ವಾರಂಟಿಯುಳ್ಳ ಎಸ್‌ಎಂಪಿಎಸ್‌ಗೆ ಹಾಕುವುದು ವಿವೇಕ. ಸಾಧ್ಯವಾದರೆ ಒಂದು ಚಿಕ್ಕ ಯುಪಿಎಸ್ ಕೂಡ ಇರಲಿ.

ಗಾಳಿಯ ದಾರಿ

ಪೆಟ್ಟಿಗೆಯ ಒಳಗಿನ ಗಾಳಿ ಕೋಣೆಯ ಗಾಳಿಗಿಂತ ತಂಪಾಗಿರಲು ಸಾಧ್ಯವಿಲ್ಲ. ಪತ್ರಾಸಿನ ಮಾಡಿನ ಕೆಳಗೆ ಮಧ್ಯಾಹ್ನ ಕೋಣೆಯೇ 40 ಡಿಗ್ರಿಗೆ ಏರಿದ್ದರೆ ಫ್ಯಾನು ಒಳಗೆ ಎಳೆಯುವುದು ಆ ಬಿಸಿಗಾಳಿಯನ್ನೇ. ಇಂದಿನ ಪ್ರೊಸೆಸರುಗಳು 100 ಡಿಗ್ರಿಯ ಆಸುಪಾಸಿಗೆ ಬಂದಾಗ ತಮ್ಮ ರಕ್ಷಣೆಗಾಗಿ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಬಿಸಿ ಇನ್ನೂ ಏರಿದರೆ ಯಂತ್ರ ಆರಿಹೋಗುತ್ತದೆ. ಉಳಿಸದ ಪುಟಗಳು ಅಲ್ಲಿಗೇ ಅಳಿದುಹೋಗುತ್ತವೆ.

ಇದಕ್ಕೆ ಪರಿಹಾರ ಸರಳ. ಮುಂದಿನಿಂದ ಗಾಳಿ ಒಳಬರಬೇಕು, ಹಿಂದಿನಿಂದ ಹೊರಹೋಗಬೇಕು. ಮುಂದೊಂದು, ಹಿಂದೊಂದು 120 ಮಿ.ಮೀ. ಫ್ಯಾನು ಇದ್ದರೆ ಸಾಧಾರಣ ಕೆಲಸಕ್ಕೆ ಸಾಕಾಗುತ್ತದೆ. ಕ್ಯಾಬಿನೆಟ್ಟಿನ ಮುಖ ಗಾಜಿನದಾಗಿರದೆ ತೂತುಗಳಿರುವ ಲೋಹದ ಜಾಳಿಗೆಯಾಗಿರಬೇಕು. ಬಣ್ಣದ ದೀಪಗಳಿರುವ ಮುಚ್ಚಿದ ಗಾಜಿನ ಮುಖ ಅಂಗಡಿಯಲ್ಲಿ ಕಣ್ಸೆಳೆಯುತ್ತದೆ. ಸೋಲಾಪುರದ ಏಪ್ರಿಲಿನಲ್ಲಿ ಅದು ಉಸಿರು ಕಟ್ಟಿಸುತ್ತದೆ. ಫ್ಯಾನಿನ ದಿಕ್ಕು ತಿಳಿಯಲು ಒಂದು ಗುರುತಿದೆ: ಫ್ಯಾನಿನ ನಡುಭಾಗವನ್ನು ಹಿಡಿದಿರುವ ಕಡ್ಡಿಗಳು ಯಾವ ಕಡೆಗಿವೆಯೋ ಸಾಮಾನ್ಯವಾಗಿ ಆ ಕಡೆಗೆ ಗಾಳಿ ಹೊರಬೀಳುತ್ತದೆ.

ಇಡುವ ಜಾಗವೂ ಆಯ್ಕೆಯ ಭಾಗವೇ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಸಾಮಾನಿಡುವ ಗೂಡುಗಳಿರುತ್ತವೆ. ಚಿಕ್ಕ ಕ್ಯಾಬಿನೆಟ್ ಅದರಲ್ಲಿ ಚೊಕ್ಕವಾಗಿ ಕೂರುತ್ತದೆಂದು ಹಲವರಿಗೆ ಸಂತೋಷವಾಗಬಹುದು. ಆದರೆ ಮೂರು ಕಡೆ ಮುಚ್ಚಿದ ಗೂಡಿನಲ್ಲಿ ಹಿಂದಿನಿಂದ ಹೊರಬಿದ್ದ ಬಿಸಿಗಾಳಿ ಮತ್ತೆ ಮುಂದಿನಿಂದ ಒಳಸೇರುತ್ತದೆ. ಮೇಜಿನ ಮೇಲೆ, ಗೋಡೆಯಿಂದ ಹತ್ತು ಹದಿನೈದು ಸೆಂಟಿಮೀಟರ್ ದೂರದಲ್ಲಿ ಇಡುವುದೇ ಸರಿಯಾದ ಕ್ರಮ.

ಧೂಳು, ಹಲ್ಲಿ, ಅರ್ಥಿಂಗ್

ಜೋಳ, ತೊಗರಿಗಳ ರಾಶಿಯ ಕಾಲದಲ್ಲಿ ಹೊಟ್ಟು ಮನೆಯೊಳಗೂ ತೂರಿಬರುತ್ತದೆ. ಜಾಳಿಗೆಯ ಮುಖದ ಹಿಂದೆ, ಎಸ್‌ಎಂಪಿಎಸ್‌ನ ಕೆಳಗೆ ಬಿಚ್ಚಿ ತೊಳೆಯಬಹುದಾದ ಧೂಳುಜಾಲ ಇರುವ ಕ್ಯಾಬಿನೆಟ್ಟನ್ನು ಆರಿಸಿಕೊಂಡರೆ ಹದಿನೈದು ದಿನಕ್ಕೊಮ್ಮೆ ಅದನ್ನು ತೊಳೆದು, ಪೂರ್ತಿ ಒಣಗಿಸಿ ಹಾಕಿದರಾಯಿತು. ಹಿಂಬದಿಯ ಕಾರ್ಡುಗಳ ಜಾಗದಲ್ಲಿ ಲೋಹದ ಪಟ್ಟಿಗಳು ಇವೆಯೇ ಎಂದು ನೋಡಬೇಕು. ಅವು ಕಿತ್ತುಹೋಗಿದ್ದರೆ ಹಲ್ಲಿ, ಜಿರಲೆ, ಚಿಕ್ಕ ಇಲಿ ಬೆಚ್ಚಗಿನ ಜಾಗ ಹುಡುಕಿ ಒಳಹೋಗುತ್ತವೆ.

ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವ ಅನುಭವವಾದರೆ ಅದನ್ನು ಅಲಕ್ಷಿಸಬಾರದು. ಮೂರು ಕಾಲಿನ ಪ್ಲಗ್ಗಿನ ಮೂರನೆಯ ಕಾಲು ಭೂಮಿಗೆ ಸರಿಯಾಗಿ ಸೇರಿಲ್ಲದಿದ್ದಾಗ ಹೀಗಾಗುತ್ತದೆ. ಇದು ಪೆಟ್ಟಿಗೆಯ ದೋಷವಲ್ಲ. ಮನೆಯ ಅರ್ಥಿಂಗಿನ ದೋಷ. ಕಂಪ್ಯೂಟರು ಬರುವ ಮುನ್ನವೇ ಅದನ್ನು ಸರಿಪಡಿಸಬೇಕು. ಪೆಟ್ಟಿಗೆ ಬದಲಿಸಿದರೆ ಈ ತೊಂದರೆ ನೀಗುವುದಿಲ್ಲ.

ಹಳೆಯ ಪೆಟ್ಟಿಗೆಯ ಮಾತು

ಎಲ್ಲಕ್ಕಿಂತ ಅಗ್ಗದ ಕ್ಯಾಬಿನೆಟ್ ಬಂಧುಗಳ ಮನೆಯ ಅಟ್ಟದಲ್ಲೋ ಅಂಗಡಿಯ ಮೂಲೆಯಲ್ಲೋ ಬಿದ್ದಿರಬಹುದು. ಎಟಿಎಕ್ಸ್ ಅಳತೆಯ ಸ್ಕ್ರೂ ತೂತುಗಳ ಜಾಗ 1995ರಿಂದ ಬದಲಾಗಿಲ್ಲವಾದ್ದರಿಂದ ಇಪ್ಪತ್ತು ವರ್ಷದ ಹಳೆಯ ಪೆಟ್ಟಿಗೆಯಲ್ಲಿಯೂ ಇಂದಿನ ಮೈಕ್ರೋ ಎಟಿಎಕ್ಸ್ ಬೋರ್ಡು ಕೂರುತ್ತದೆ. ಆದರೆ ಮೂರು ಸಂಗತಿಗಳನ್ನು ಪರೀಕ್ಷಿಸಬೇಕು. ಮೊದಲನೆಯದು ಗಾಳಿ: ಹಳೆಯ ಪೆಟ್ಟಿಗೆಗಳ ಮುಖ ಹೆಚ್ಚಾಗಿ ಮುಚ್ಚಿದ ಪ್ಲಾಸ್ಟಿಕ್ಕಿನದು, ಫ್ಯಾನಿಗೆ 80 ಮಿ.ಮೀ. ಜಾಗವಷ್ಟೇ ಇರಬಹುದು. ಎರಡನೆಯದು ಹಳೆಯ ಎಸ್‌ಎಂಪಿಎಸ್: ಅದನ್ನು ತೆಗೆದು ಹೊಸದನ್ನು ಹಾಕಬೇಕು. ಮೂರನೆಯದು ಯುಎಸ್‌ಬಿ: ಮುಂದಿನ ಕಿಂಡಿಗಳು ಹಳೆಯ ನಿಧಾನಗತಿಯವಾಗಿರುತ್ತವೆ, ಹಿಂದಿನ ಕಿಂಡಿಗಳನ್ನು ಬಳಸಿದರೆ ಆ ಕೊರತೆ ನೀಗುತ್ತದೆ. ದೊಡ್ಡ ಸಂಸ್ಥೆಗಳು ಕಚೇರಿಗಳಿಗೆಂದು ತಯಾರಿಸಿದ ಕೆಲವು ಯಂತ್ರಗಳ ಪೆಟ್ಟಿಗೆಗಳು ಮಾತ್ರ ಈ ಸಾಮಾನ್ಯ ಅಳತೆಯನ್ನು ಪಾಲಿಸುವುದಿಲ್ಲ. ಅವುಗಳಲ್ಲಿ ಬೇರೆ ಬೋರ್ಡು ಕೂರದು.

ಅಂಗಡಿಗೆ ಹೋಗುವ ಮುನ್ನ

ನಾಗಣಸೂರದಿಂದ ಸೋಲಾಪುರಕ್ಕೆ ಹೋಗಿ ಪೆಟ್ಟಿಗೆಯನ್ನು ರೈಲಿನಲ್ಲೋ ಬಸ್ಸಿನಲ್ಲೋ ಹೊತ್ತು ತರುವವರು ಗಾಜಿನ ಬದಿಯ ಕ್ಯಾಬಿನೆಟ್ಟನ್ನು ದೂರವಿಡುವುದೊಳಿತು. ದಾರಿಯಲ್ಲಿ ಒಡೆದರೆ ಅದನ್ನು ಯಾರೂ ಬದಲಿಸಿಕೊಡುವುದಿಲ್ಲ. ಮನೆಯಲ್ಲಿ ಇಡುವ ಜಾಗವನ್ನು ಮೊದಲೇ ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆದುಕೊಂಡಿರಬೇಕು. ಅದೇ ಚೀಟಿಯಲ್ಲಿ ಬೋರ್ಡಿನ ಅಳತೆ, ಕೂಲರಿನ ಎತ್ತರ, ಎಸ್‌ಎಂಪಿಎಸ್‌ನ ಮಾದರಿ ಈ ಮೂರೂ ಇರಬೇಕು. 20 ಸೆಂ.ಮೀ. ಅಗಲದ ಪೆಟ್ಟಿಗೆ 20 ಸೆಂ.ಮೀ. ಎತ್ತರದ ಕೂಲರನ್ನು ಹಿಡಿಯುವುದಿಲ್ಲ; ಬೋರ್ಡು ಮತ್ತು ಅದರ ಹಿಂದಿನ ತಂತಿಗಳಿಗೆ ಒಂದಿಷ್ಟು ಜಾಗ ಹೋಗುತ್ತದೆ. ಎಷ್ಟು ಹಿಡಿಯುತ್ತದೆಂಬುದು ಪೆಟ್ಟಿಗೆಯ ವಿವರದಲ್ಲಿ ಬರೆದಿರುತ್ತದೆ. ಅಂಗಡಿಯವರು ಹೇಳುವ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ, ವಾರಂಟಿಗಾಗಿ ಬಿಲ್ಲನ್ನು ತಪ್ಪದೆ ಪಡೆಯಬೇಕು.

ಪ್ರೊಸೆಸರು ಕೆಲವು ವರ್ಷಗಳಲ್ಲಿ ಹಳತಾಗುತ್ತದೆ, ಎಸ್‌ಎಸ್‌ಡಿ ತುಂಬುತ್ತದೆ, ರ‍್ಯಾಮ್ ಸಾಲದಾಗುತ್ತದೆ. ಸರಿಯಾದ ಅಳತೆಯ, ಗಾಳಿಯಾಡುವ ಒಂದು ಸಾದಾ ಪೆಟ್ಟಿಗೆ ಮಾತ್ರ ಇವೆಲ್ಲ ಬದಲಾದ ಮೇಲೆಯೂ ಉಳಿಯುತ್ತದೆ. ಪದವಿಯ ಮೊದಲ ವರ್ಷದಲ್ಲಿ ಕೊಂಡ ಕ್ಯಾಬಿನೆಟ್ಟಿನಲ್ಲಿಯೇ ಮುಂದೆ ಸ್ನಾತಕೋತ್ತರ ಪ್ರಬಂಧವೂ ಸಿದ್ಧವಾಗಬಹುದು.