ಗುಜರಿಗೆ 550, ಫೋನಿನಲ್ಲಿ 45 ಸಾವಿರ: ಹಳೇ ರ‍್ಯಾಲಿ ಸೈಕಲ್ಲಿಗೆ ನ್ಯಾಯದ ಬೆಲೆ ಎಷ್ಟು?

ಭದ್ರಾವತಿ ಹಳೇನಗರದ ಒಂದು ಹೆಂಚಿನ ಮನೆ. ಬಾಗಿಲಲ್ಲಿ ಗುಜರಿಯವನ ತಳ್ಳುಗಾಡಿ. ಪಡಸಾಲೆಯಲ್ಲಿ ಗೋಡೆಗೆ ಒರಗಿದ ಕರೀ ಸೈಕಲ್.

"ಇಪ್ಪತ್ತೆರಡು ಕೆ.ಜಿ. ತೂಗುತ್ತೆ ಅಮ್ಮಾ. ಕೆ.ಜಿ.ಗೆ 25ರಂತೆ 550 ಕೊಡ್ತೀನಿ" ಎಂದು ಗುಜರಿಯವನು. "ಹೋಗಯ್ಯಾ, 45 ಸಾವಿರದ ಮಾಲು ಇದು" ಎಂದು ಮನೆಯ ಮಗ, ಮೊಬೈಲು ಮುಂದೆ ಹಿಡಿದು. ಇಬ್ಬರ ನಡುವೆ ಎಪ್ಪತ್ತು ದಾಟಿದ ಅಜ್ಜಿ, ಯಾರ ಮಾತು ನಂಬಬೇಕೋ ತಿಳಿಯದೆ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದರು.

ನಾನು ಆ ಬೀದಿಗೆ ಹೋಗಿದ್ದು ನಲ್ಲಿ ನೀರಿನ ಸುದ್ದಿಗೆ. ಸೈಕಲ್ ಕಂಡು ಒಳಗೆ ಕಾಲಿಟ್ಟೆ.

ಅಜ್ಜಿಯ ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1974ರಲ್ಲಿ ರಿಟೈರ್ ಆದ ಒಬ್ಬ ಫೋರ್‌ಮನ್‌ರಿಂದ 160 ರೂಪಾಯಿಗೆ ಈ ಸೈಕಲ್ ಕೊಂಡಿದ್ದರಂತೆ. ಹಗಲು ಪಾಳಿ, ರಾತ್ರಿ ಪಾಳಿ ಎಲ್ಲಕ್ಕೂ ಇದರ ಮೇಲೇ ಸವಾರಿ. ಅವರು ತೀರಿಕೊಂಡು ಎರಡು ವರ್ಷ. ಮಳೆಗಾಲದೊಳಗೆ ಹೆಂಚು ಕೈಯಾಡಿಸಬೇಕು, ಪಕಾಸಿ ಎರಡು ಗೆದ್ದಲು ಹಿಡಿದಿವೆ. ಅದಕ್ಕೇ ಮಾರಾಟ. ಹಿಂದಿನ ವಾರ ಬೆಂಗಳೂರಿನ ಪಾರ್ಟಿಯೊಂದು ಬಂದು, "ಇದರ ಸಾಮಾನು ಎಲ್ಲೂ ಸಿಗಲ್ಲ ಅಮ್ಮಾ, ಪಾಪ ಅಂತ 3,000 ಕೊಡ್ತೀನಿ" ಎಂದಿದ್ದನಂತೆ. ಪಾಪ ಎನ್ನುವವನು ಅಷ್ಟು ದೂರದಿಂದ ಪೆಟ್ರೋಲ್ ಸುಟ್ಟು ಬರುತ್ತಾನೆಯೇ?

ಒಂದೇ ಸೈಕಲ್, ಮೂರು ಬೆಲೆ. ಮೂರೂ ತಪ್ಪು ಎಂಬುದು ಆಮೇಲೆ ತಿಳಿಯಿತು.

ಇಂಗ್ಲೆಂಡ್ ಎಂಬ ಮಂತ್ರ

ಈ ವಿಷಯದಲ್ಲಿ ನಾನೂ ಕೈ ಸುಟ್ಟುಕೊಂಡವನು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಬುದ್ಧಿ ಕಲಿಸಲು ಊರಲ್ಲಿ ಮೇಷ್ಟ್ರುಗಳಿಗೆ ಬರವಿಲ್ಲ. ಕೆಲ ವರ್ಷದ ಕೆಳಗೆ "ಒರಿಜಿನಲ್ ಇಂಗ್ಲೆಂಡ್ ರ‍್ಯಾಲಿ" ಎಂದು ಒಬ್ಬ 9,000 ರೂಪಾಯಿಗೆ ಕಟ್ಟಿದ. ಮನೆಗೆ ತಂದು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ನಾಟಿಂಗ್‌ಹ್ಯಾಮ್ ಸ್ಟಿಕ್ಕರು ಬಟ್ಟೆಗೆ ಬಂತು. ಅದು ಅಸನ್ಸೋಲಿನಲ್ಲಿ ತಯಾರಾದ ಸೆನ್-ರ‍್ಯಾಲಿ. ಸೈಕಲ್ ಕೆಟ್ಟದ್ದಲ್ಲ, ಈಗಲೂ ಅದನ್ನೇ ತುಳಿಯುತ್ತೇನೆ. ಕೆಟ್ಟದ್ದು ನಾನು ಕೊಟ್ಟ ಬೆಲೆ.

ಗೊಂದಲಕ್ಕೆ ಕಾರಣವೂ ಇದೆ. ರ‍್ಯಾಲಿಯ ಮೂಲ ಕಾರ್ಖಾನೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಸ್ವಾತಂತ್ರ್ಯ ಬಂದ ಮೇಲೆ ಸೈಕಲ್ಲುಗಳು ನಮ್ಮಲ್ಲೇ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದವು. ಬಂಗಾಳದ ಅಸನ್ಸೋಲಿನಲ್ಲಿ ಸೆನ್-ರ‍್ಯಾಲಿ, ಮದ್ರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್, ಬಿ.ಎಸ್.ಎ., ಸೋನಿಪತ್ತಿನಲ್ಲಿ ಅಟ್ಲಾಸ್. ಎಲ್ಲದಕ್ಕೂ ಒಂದೇ ರೂಪ: 28 ಇಂಚಿನ ಚಕ್ರ, ಕರೀ ಬಣ್ಣ, ಸರಳಿನ ಬ್ರೇಕು. ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ನಾಟಿಂಗ್‌ಹ್ಯಾಮಿನಲ್ಲಿ ಸೈಕಲ್ ತಯಾರಿಕೆ 2002ರಲ್ಲಿ ನಿಂತುಹೋಯಿತು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ ಬಾಗಿಲು ಹಾಕಿತು. ಬಾಗಿಲು ಹಾಕಿದ್ದೇ ತಡ, ಹಳೆಯದನ್ನು ಇಟ್ಟುಕೊಂಡವರೆಲ್ಲ ರೇಟು ಏರಿಸಿ ಕೂತರು.

ಫೋನಿನಲ್ಲಿ ಕಾಣುವ 45 ಸಾವಿರದ ಗುಟ್ಟು ಇಷ್ಟೇ. ಅದು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ. ಅಂಗಡಿ ಇಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆರು ತಿಂಗಳಿಂದ ಅದೇ ಫೋಟೊ, ಅದೇ ರೇಟು ನೇತಾಡುತ್ತಿದೆ ಎಂದರೆ ಆ ಬೆಲೆಗೆ ಗಿರಾಕಿ ಇಲ್ಲ ಎಂದೇ ಅರ್ಥ.

ಒಂದು ಮೊಳ ದಾರದ ಪರೀಕ್ಷೆ

ಶಿವಮೊಗ್ಗದಲ್ಲಿ ನನಗೆ ಪರಿಚಯದ ಸೈಕಲ್ ಮೇಸ್ತ್ರಿ ಒಬ್ಬರಿದ್ದಾರೆ. ಮರುದಿನ ಅವರನ್ನು ಬಸ್ಸಿಗೆ ಹತ್ತಿಸಿಕೊಂಡು ಬಂದೆ. ಮೇಸ್ತ್ರಿ ಬಂದವರೇ ಹೆಸರು ನೋಡಲಿಲ್ಲ, ಬಣ್ಣ ನೋಡಲಿಲ್ಲ. "ಅಮ್ಮಾ, ಒಂದಿಷ್ಟು ದಾರ ಇದ್ರೆ ಕೊಡಿ" ಎಂದರು.

ದಾರದ ಒಂದು ತುದಿಯನ್ನು ಹಿಂದಿನ ಆಕ್ಸಲ್ ಹತ್ತಿರ ಫ್ರೇಮಿಗೆ ಕಟ್ಟಿದರು. ಮುಂದೆ ಎಳೆದು, ಹ್ಯಾಂಡಲ್ ಕೂರುವ ಕಂಬ ಸುತ್ತಿಸಿ, ಇನ್ನೊಂದು ಮಗ್ಗುಲಿನಿಂದ ಹಿಂದಕ್ಕೆ ತಂದು ಬಿಗಿದರು. ಸೀಟಿನ ಕೆಳಗಿನ ಕಂಬಕ್ಕೂ ದಾರಕ್ಕೂ ನಡುವೆ ಇರುವ ಸಂದು ಎರಡೂ ಕಡೆ ಸಮ ಇರಬೇಕು. ಬೀಡಿ ಕಟ್ಟಿನಿಂದ ಅಳತೆ ನೋಡಿದರು. ಸಮ ಇತ್ತು. "ಫ್ರೇಮ್ ನೆಟ್ಟಗಿದೆ ಸಾರ್. ಇದು ಸೊಟ್ಟ ಇದ್ರೆ ಉಳಿದದ್ದು ಚಿನ್ನದ್ದಾದ್ರೂ ಗುಜರಿಗೇ ಹಾಕಿ."

ಆಮೇಲೆ ಫೋರ್ಕು. ಪಕ್ಕದಿಂದ ಒಂದು ಕಣ್ಣು ಮುಚ್ಚಿ ನೋಡಿದರು. ಗಾಡಿ ಎಲ್ಲಾದರೂ ಗುದ್ದಿದ್ದರೆ ಫೋರ್ಕು ಹಿಂದಕ್ಕೆ ಒತ್ತಿರುತ್ತದೆ. ಹ್ಯಾಂಡಲ್ ಕಂಬದ ಹಿಂದೆ, ಕೆಳಗಿನ ಪೈಪಿನ ಅಡಿಯಲ್ಲಿ ಬಣ್ಣ ನೆರಿಗೆ ಕಟ್ಟಿರುತ್ತದೆ. ಬೆರಳಿಂದ ಸವರಿದರು, ನೆರಿಗೆ ಇರಲಿಲ್ಲ. ಎರಡೂ ಕ್ರ್ಯಾಂಕ್ ಹಿಡಿದು ಅಲ್ಲಾಡಿಸಿದರು, ಕೊಂಚ ಆಟ ಇತ್ತು. "ಕಪ್ಪು ಸವೆದಿದ್ರೆ ಕಷ್ಟ. ರ‍್ಯಾಲಿಯವನದು ಇಂಚಿಗೆ 26 ಥ್ರೆಡ್ಡು, ಬೇರೆ ಇಂಗ್ಲಿಷ್ ಗಾಡಿಗಳದು 24. ಅದು ಇದಕ್ಕೆ ಕೂರಲ್ಲ" ಎಂದು ಬಿಚ್ಚಿ ನೋಡಿದರು. ಕಪ್ಪು ಚೆನ್ನಾಗಿತ್ತು, ಗೋಲಿ ಸವೆದಿದ್ದವು. ಗೋಲಿ ಅಗ್ಗ.

ಹೆಸರು ನೋಡಿದ್ದು ಕೊನೆಗೆ. ಚೈನ್ ಚಕ್ರದಲ್ಲಿ ಕೊಕ್ಕರೆ ತಲೆ ಇದೆ ಎಂದು ನಾನು ಜಾಣತನ ತೋರಿಸಲು ಹೋದೆ. "ಕೊಕ್ಕರೆ ಅಸನ್ಸೋಲಿಗೂ ಹಾರಿ ಬಂದಿತ್ತು ಸಾರ್" ಎಂದು ಬಾಯಿ ಮುಚ್ಚಿಸಿದರು. ಮುಂದಿನ ಬಿಲ್ಲೆಯಲ್ಲಿ ನಾಟಿಂಗ್‌ಹ್ಯಾಮ್ ಎಂದಿತ್ತು. ಅದರ ಸುತ್ತ ಬಣ್ಣ ಮುಟ್ಟಿಸಿದ, ತೆಗೆದು ಹಾಕಿದ ಗುರುತಿರಲಿಲ್ಲ. ಸೀಟಿನ ಕಂಬದ ಮೇಲುಗಡೆ ಒತ್ತಿದ ನಂಬರು ಇತ್ತು, ಬಂಗಾರದ ಗೆರೆ ಅಲ್ಲಲ್ಲಿ ಉಳಿದಿತ್ತು.

ಅಷ್ಟರಲ್ಲಿ ಮೇಸ್ತ್ರಿ ನಿಂತುಬಿಟ್ಟರು. ಮೇಲಿನ ಪೈಪಿಗೆ ಒಂದು ಪುಟ್ಟ ಪಟ್ಟಿ, ಅದರ ಹಿಂದೆ ಒಂದು ರಾಟೆ, ಸುಮ್ಮನೆ ಕೂತಿದ್ದವು. "ಅಮ್ಮಾ, ಇದಕ್ಕೆ ಮೂರು ಗೇರಿನ ಹಬ್ ಇತ್ತಲ್ವಾ?"

"ಇತ್ತಪ್ಪಾ. ತುಳೀತಾ ತುಳೀತಾ ಕಾಲು ಜಾರಿ ಒಂದ್ಸಲ ಬಿದ್ದುಬಿಟ್ರು. ಆವತ್ತೇ ತೆಗೆಸಿ ಬೇರೆ ಚಕ್ರ ಹಾಕಿಸಿದ್ರು. ಹಳೇದು ಅಟ್ಟದ ಮೇಲಿರಬೇಕು ನೋಡು."

ಮಗ ಅಟ್ಟ ಹತ್ತಿದ. ತೆಂಗಿನ ಗರಿ, ಮುರಿದ ತೊಟ್ಟಿಲ ಅಡಿಯಿಂದ ತುಕ್ಕು ಹಿಡಿದ ಚಕ್ರ ಇಳಿಯಿತು. ಹಬ್ಬಿನ ಮೇಲಿನ ಗ್ರೀಸು ಒರೆಸಿದಾಗ ಸ್ಟರ್ಮಿ-ಆರ್ಚರ್ ಎಂಬ ಹೆಸರು, 55, ಪಕ್ಕದಲ್ಲಿ 3. ಎಂದರೆ 1955ರ ಮಾರ್ಚ್. ಆ ಕಂಪನಿ ಹಬ್ಬಿನ ಮೇಲೇ ವರ್ಷ, ತಿಂಗಳು ಒತ್ತುತ್ತಿತ್ತು. (ಅದು ಹಬ್ಬಿನ ವಯಸ್ಸು ಮಾತ್ರ. ಬೇರೆ ಸೈಕಲ್ಲಿನ ಹಬ್ ತಂದು ಹಾಕಿ ವಯಸ್ಸು ಹೇಳುವವರೂ ಇದ್ದಾರೆ.) ಈ ಹಬ್ಬಿನಲ್ಲಿ ತಂತಿ ಸರಿಯಾಗಿ ಬಿಗಿಯದಿದ್ದರೆ ಎರಡನೇ ಗೇರಿಗೂ ಮೂರನೆಯದಕ್ಕೂ ನಡುವೆ ಹಿಡಿತವೇ ಇಲ್ಲದ ಜಾಗ ಸಿಗುತ್ತದೆ. ಪೆಡಲ್ ಗಾಳಿಯಲ್ಲಿ ತಿರುಗುತ್ತದೆ, ಸವಾರ ಬೀಳುತ್ತಾನೆ. ಹಬ್ ಕೆಟ್ಟಿರಲಿಲ್ಲ, ತಂತಿ ಸಡಿಲ ಇತ್ತು ಅಷ್ಟೆ. ಅಜ್ಜಿ ಸ್ವಲ್ಪ ಹೊತ್ತು ಆ ಚಕ್ರವನ್ನೇ ನೋಡುತ್ತಾ ಕೂತರು.

ಬೀಡಿ ಕಟ್ಟಿನ ಮೇಲೆ ಲೆಕ್ಕ

ಮೇಸ್ತ್ರಿಯ ಲೆಕ್ಕ ಹೀಗಿತ್ತು. ಇಂಥದೇ ಗಾಡಿ, ಎಲ್ಲ ಒರಿಜಿನಲ್ ಇದ್ದು ಓಡುವ ಸ್ಥಿತಿಯಲ್ಲಿರೋದು, ಅವರ ಕಣ್ಣೆದುರಿಗೇ 15,000ಕ್ಕೆ ಹೋಗಿತ್ತು. ಅಲ್ಲಿಂದ ಇಳಿಯುತ್ತಾ ಬಂದರು. ಬ್ರೂಕ್ಸ್ ಚರ್ಮದ ಸೀಟು ಹೋಗಿ ರೆಕ್ಸಿನ್ ಬಂದಿದೆ, 2,500 ತೆಗೆಯಿರಿ. ಡೈನಮೋ, ದೀಪ ಇಲ್ಲ, 1,500. ಟಯರ್ ಟ್ಯೂಬಿಗೆ 1,200. ಹಳೇ ಹಬ್ಬಿಗೆ ಹೊಸ ರಿಮ್ಮು, 40 ಕಡ್ಡಿ, ಗೇರಿನ ಲಿವರು, ತಂತಿ, ಕೂಲಿ ಸೇರಿ 2,000. ಓವರಾಲಿಂಗ್ 800. ಒಟ್ಟು 8,000 ಹೋಯಿತು, ಉಳಿದದ್ದು 7,000. "ಅಟ್ಟದ ಮೇಲೆ ಹಬ್ ಸಿಗದಿದ್ರೆ ಇನ್ನೂ ಮೂರು ಸಾವಿರ ಇಳಿಸ್ತಿದ್ದೆ."

ಮಗನ ಮುಖ ಸಪ್ಪಗಾಯಿತು. ಹಾಗಾದರೆ ಒಂದು ಸಾವಿರ ಖರ್ಚು ಮಾಡಿ ಫಳಫಳ ಪೇಂಟ್ ಹೊಡೆಸಿದರೆ ಹೇಗೆ ಎಂದ. ಮೇಸ್ತ್ರಿ ಹೌಹಾರಿದರು. ಮುಟ್ಟಬೇಡ ಮಾರಾಯ ಎಂದು ಕೈ ಮುಗಿದರು. ಬಂಗಾರದ ಗೆರೆ ಇರುವ ಹಳೇ ಬಣ್ಣ, ತುಕ್ಕು ಇದ್ದರೂ ಸರಿ, ಅದಕ್ಕೇ ಬೆಲೆ. ಹೊಸ ಪೇಂಟ್ ಹೊಡೆದರೆ ಅದರ ಕೆಳಗೆ ಏನು ಮುಚ್ಚಿದ್ದಾನೋ ಎಂದು ಕೊಳ್ಳುವವನು ಎರಡು ಸಾವಿರ ಕಡಿಮೆ ಕೇಳುತ್ತಾನೆ. ಅವನ ಅನುಮಾನವೂ ತಪ್ಪಲ್ಲ.

ನನ್ನ ಮಟ್ಟಿಗೆ ಮೇಸ್ತ್ರಿಯ ಲೆಕ್ಕದಲ್ಲಿ ಒಂದೇ ತಕರಾರು. 15,000 ಎಂಬುದು ಒಂದು ದಿನ ಒಬ್ಬ ಗಿರಾಕಿ ಕೊಟ್ಟ ಬೆಲೆ. ಅದನ್ನೇ ಶಾಸನ ಮಾಡಿಕೊಳ್ಳುವಂತಿಲ್ಲ. ಕೇಳಿದರೆ, "ನಿಮ್ಮ ಪೇಪರಲ್ಲಿ ಅಡಿಕೆ ಧಾರಣೆ ಹಾಕ್ತೀರಲ್ಲ, ಅದು ಮತ್ತೆ ಏನು ಸಾರ್?" ಎಂದರು. ಸುಮ್ಮನಾದೆ.

ಹತ್ತು ದಿನದಲ್ಲಿ ಸಾಗರದ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಬಂದರು. 5,500ರಿಂದ ಶುರು ಮಾಡಿದರು. ಅಜ್ಜಿ ಬೀಡಿ ಕಟ್ಟಿನ ಲೆಕ್ಕ ಮುಂದಿಟ್ಟರು. ಒಂದೊಂದು ಬಾಬತ್ತನ್ನೂ ಓದಿ ನೋಡಿ, 7,200ಕ್ಕೆ ಒಪ್ಪಿ ಕೈಯಲ್ಲೇ ಹಣ ಎಣಿಸಿದರು. ಮುನಿಸಿಪಾಲಿಟಿಯವರು ಹಿಂದೆ ಕೊಡುತ್ತಿದ್ದ ಸೈಕಲ್ ತೆರಿಗೆಯ ಬಿಲ್ಲೆ ಒಂದು ಫೋರ್ಕಿಗೆ ಕಟ್ಟಿತ್ತು. ಅದಕ್ಕೆ ಇನ್ನೂರು ಹೆಚ್ಚಿಗೆ ಎಂದರು. ಅಜ್ಜಿ ಅದನ್ನು ಬಿಚ್ಚಿಕೊಂಡು ಒಳಗಿಟ್ಟರು. ಮೇಸ್ತ್ರಿಗೆ ಕಮಿಷನ್ ಕೊಡಲು ಹೋದರೆ, "ಓವರಾಲಿಂಗ್ ನನ್ನ ಹತ್ರಾನೇ ಬರುತ್ತಲ್ಲ ಅಮ್ಮಾ" ಎಂದು ಬಸ್ ಚಾರ್ಜು ಮಾತ್ರ ತೆಗೆದುಕೊಂಡರು.

ಹೆಂಚಿನ ಕೆಲಸ ಶುರುವಾಗಿದೆ. ಮಗರಾಯ ನಿನ್ನೆ ಫೋನ್ ಮಾಡಿದ್ದ. ಹಿಂದಿನ ಬೀದಿಯಲ್ಲಿ ಒಂದು ಹಂಬರ್ ಇದೆಯಂತೆ, ಫೋರ್ಕಿನ ಒಂದೊಂದು ಮಗ್ಗುಲಿಗೂ ಎರಡೆರಡು ಪೈಪ್ ಇದೆಯಂತೆ, 4,000 ಕೇಳುತ್ತಿದ್ದಾರಂತೆ, ಕೊಡಬಹುದಾ ಎಂದು. ದಾರ ತಗೊಂಡು ಹೋಗಪ್ಪ ಎಂದಿದ್ದೇನೆ.